ಅಮ್ಮ ಹೊಲಿದ ಕತ್ತಲು

"ಮೊಬೈಲು ಹೊರಗೆ. ಕೈಗಡಿಯಾರದಲ್ಲಿ ದೀಪ ಹತ್ತುತ್ತೆ ಅಂದ್ರೆ ಅದೂ ಹೊರಗೆ."

ನನಗೆ ಸಿಗುವ ಸ್ವಾಗತ ಇದು. ಇನ್ನೂ ಬೆಳಕು ಹರಿದಿಲ್ಲ. ಬೀದಿಯ ಕೊನೆಯಲ್ಲಿ ಹಾಲಿನವರು ಕ್ರೇಟು ಇಳಿಸುವ ಸದ್ದು ಬಿಟ್ಟರೆ ಊರೆಲ್ಲ ಮುಸುಕು ಹೊದ್ದು ಮಲಗಿದೆ. ಪತ್ರಿಕೆಗೆ ಲೇಖನ ಬರೆಯಲು ಬಂದ ನಾನು ಮಾತ್ರ ಆಕಳಿಸುತ್ತ ಪ್ರಯೋಗಾಲಯದ ಹಿಂಬಾಗಿಲಲ್ಲಿ ನಿಂತಿದ್ದೇನೆ. ಒಳಗಿನಿಂದ ಒಂದು ಕೈ ಬರುತ್ತದೆ. ನನ್ನ ಮೊಬೈಲನ್ನು ತೆಗೆದುಕೊಂಡು, ಬೆಂಚಿನ ಮೇಲಿನ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮುಚ್ಚಳ ಒತ್ತುತ್ತದೆ. ಆಮೇಲೆ ಆ ಕೈಯ ಒಡತಿ ಕಾಣಿಸುತ್ತಾರೆ. ಗಿಡ್ಡನೆಯ ಮೈಕಟ್ಟು, ಮೊಳಕೈವರೆಗೆ ಮಡಿಸಿದ ಬಿಳಿ ಕೋಟು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ನು. ಐವತ್ತು ದಾಟಿದ ಮುಖದಲ್ಲಿ ನಿದ್ದೆಯ ಸುಳಿವೇ ಇಲ್ಲ.

"ಬೇಜಾರು ಮಾಡ್ಕೋಬೇಡಿ. ಇವತ್ತು ಬೇಡದ ಬೆಳಕು ಒಂದು ಚೂರು ಬಿದ್ರೂ ನನ್ನ ಕೆಲಸ ಕೆಡುತ್ತೆ. ಬನ್ನಿ, ತಲೆ ಬಗ್ಗಿಸಿ, ಬಾಗಿಲು ಕುಳ್ಳು."

ಬಾಗಿಲು ನಿಜಕ್ಕೂ ಕುಳ್ಳು. ಒಂದು ಕಾಲದಲ್ಲಿ ಇದು ಪೊರಕೆ, ಬಕೆಟ್ಟು ಇಡುತ್ತಿದ್ದ ಕೋಣೆಯಂತೆ. ಈಗ ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ಒಂದು ಸ್ಪಿರಿಟ್ ದೀಪ, ಮೂಲೆಯಲ್ಲಿ ಅತಿನೇರಳೆ ದೀಪದ ಪೆಟ್ಟಿಗೆ, ಗೋಡೆಗೊಂದು ಮಂಕು ಹಳದಿ ಬಲ್ಬು. ಬಾಗಿಲಿನ ಮೇಲೆ, ಚಾವಣಿಗೆ ಅಂಟಿಕೊಂಡಂತೆ, ಅಂಗೈ ಅಗಲದ ಒಂದು ಗವಾಕ್ಷಿ. ಈ ಬರಹದ ಖಳನಾಯಕ ಯಾರು ಅಂತ ಕೇಳಿದರೆ ಆ ಗವಾಕ್ಷಿಯನ್ನೇ ತೋರಿಸಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ರಿಪೇರಿ ಅಕ್ಕ ಅಂತ. ಬ್ಯಾಕ್ಟೀರಿಯಾಗಳು ತಮ್ಮ ಡಿಎನ್‌ಎ ಕೆಟ್ಟಾಗ ಅದನ್ನು ಹೇಗೆ ಸರಿಪಡಿಸಿಕೊಳ್ಳುತ್ತವೆ ಅನ್ನುವುದು ಇವರ ಸಂಶೋಧನೆಯ ವಿಷಯ. ಅದೇ ಹೆಸರಿಗೆ ಕಾರಣ ಅಂದುಕೊಂಡಿದ್ದೆ. ಕಟ್ಟಡದ ಕಾವಲುಗಾರರು ಅಂಥ ವಿಷಯ ಇದೆಯೆನ್ನುವುದನ್ನೇ ಕೇಳಿಲ್ಲ. "ಏನು ಕೆಟ್ರೂ ಅಕ್ಕನ್ನೇ ಕರೆಯೋದು ಸಾರ್, ಅದಕ್ಕೆ," ಅನ್ನುತ್ತಾರೆ. ಸೀಸೆಗಳನ್ನು ಕುಲುಕುವ ಯಂತ್ರದ ಬೆಲ್ಟು ಹರಿದಾಗ ಮನೆಯಿಂದ ಹೊಲಿಗೆ ಮಿಷನ್ನಿನ ಬೆಲ್ಟು ತಂದು ಹಾಕಿದವರು ಇವರೇ. ಮೇಲಿನ ಮಹಡಿಯ ನಲ್ಲಿ ಸೋರಿದರೂ ಇವರ ಕಡೆಗೇ ಬೆರಳು.

ನಾನು ವಿಜ್ಞಾನದಲ್ಲಿ ಹೆಬ್ಬೆಟ್ಟು. ಅದನ್ನು ಮೊದಲೇ ಒಪ್ಪಿಕೊಂಡಿದ್ದರಿಂದ ಅಕ್ಕ ನನಗೆ ಪಾಠವನ್ನು ಬಟ್ಟೆಯ ಭಾಷೆಯಲ್ಲೇ ಹೇಳುತ್ತಾರೆ. ಡಿಎನ್‌ಎ ಅಂದರೆ ಜೋಡಿ ಎಳೆ. ಎಳೆಯುದ್ದಕ್ಕೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹ. ಇವರು ಸಾಕಿರುವ ಬ್ಯಾಕ್ಟೀರಿಯಾದಲ್ಲಿ ಆ ಬರಹ ಸುಮಾರು ನಲವತ್ತಾರು ಲಕ್ಷ ಅಕ್ಷರ ಉದ್ದ.

"ಬಿಸಿಲಲ್ಲಿರೋ ಅತಿನೇರಳೆ ತಗುಲಿದ್ರೆ ಪಕ್ಕಪಕ್ಕದ ಎರಡು ಅಕ್ಷರ ಒಂದಕ್ಕೊಂದು ಅಂಟ್ಕೊಂಡುಬಿಡುತ್ತೆ. ಆಮೇಲೆ ಅದನ್ನ ಓದೋಕಾಗಲ್ಲ, ನಕಲು ಮಾಡೋಕಾಗಲ್ಲ. ಆಗ ಜೀವಕೋಶದೊಳಗೆ ಒಂದು ತಂಡ ಬರುತ್ತೆ. ಕೆಟ್ಟ ತುಂಡನ್ನ ಕತ್ತರಿಸಿ ತೆಗೆಯುತ್ತೆ. ಎದುರಿನ ಎಳೆ ನೋಡ್ಕೊಂಡು ತೇಪೆ ಹಾಕುತ್ತೆ. ನಮ್ಮಮ್ಮ ಮಾಡೋದೂ ಅದೇ ಕೆಲಸ."

"ಆ ತಂಡ ಬರೋವರೆಗೆ ಕೋಶ ಏನು ಮಾಡುತ್ತೆ?"

"ನಿಲ್ಲುತ್ತೆ. ಆರಾಮಾಗಿದ್ರೆ ಇಪ್ಪತ್ತು ನಿಮಿಷಕ್ಕೊಂದು ಸಲ ಒಂದು ಹೋಗಿ ಎರಡಾಗೋ ಜೀವ ಅದು. ಏಟು ಬಿದ್ದ ತಕ್ಷಣ ಎರಡಾಗೋದನ್ನ ನಿಲ್ಲಿಸಿಬಿಡುತ್ತೆ. ತಪ್ಪನ್ನ ಮಕ್ಕಳಿಗೆ ದಾಟಿಸಬಾರದು ಅಂತ. ಅಷ್ಟು ಸಣ್ಣ ಪ್ರಾಣಿಗೆ ಎಷ್ಟು ಮರ್ಯಾದೆ ನೋಡಿ."

ಹೇಳುವಾಗ ಅವರ ದನಿಯಲ್ಲಿ ತಾಯಂದಿರು ಮಕ್ಕಳ ಅಂಕಪಟ್ಟಿ ತೋರಿಸುವಾಗಿನ ಹಿಗ್ಗು. ನಾನು ತಲೆಯಾಡಿಸುತ್ತೇನೆ. ಕೈ ಮಾತ್ರ ಅಭ್ಯಾಸಬಲದಿಂದ ಮೊಬೈಲಿಗಾಗಿ ಜೇಬು ತಡಕುತ್ತದೆ.

ಅಷ್ಟರಲ್ಲಿ ಇನ್ನೊಬ್ಬಳು ಬರುತ್ತಾಳೆ. ಮೂವತ್ತರ ಒಳಗಿನ ಹುಡುಗಿ, ಕೆದರಿದ ಕೂದಲು, ಒಂದು ಕಾಲಿಗೆ ಒಂದು ಬಣ್ಣದ ಕಾಲುಚೀಲ, ಇನ್ನೊಂದಕ್ಕೆ ಇನ್ನೊಂದು. ಇವಳ ಕೆಲಸ ಕಂಪ್ಯೂಟರಿನಲ್ಲಿ. ಜಗತ್ತಿನ ಎಲ್ಲೆಲ್ಲಿಯೋ ಓದಿ ಕೂಡಿಟ್ಟ ಸಾವಿರಾರು ಬ್ಯಾಕ್ಟೀರಿಯಾಗಳ ಬರಹಗಳನ್ನು ಪಕ್ಕಪಕ್ಕ ಇಟ್ಟು, ಯಾವ ಜೀನ್, ಅಂದರೆ ಬರಹದ ಯಾವ ವಾಕ್ಯ, ಯಾವುದನ್ನು ಹೋಲುತ್ತದೆ, ಯಾವುದು ಯಾವುದರ ಪಕ್ಕದಲ್ಲಿದೆ ಎಂದು ಹುಡುಕುವುದು. ದಿನವೆಲ್ಲ ಓದುವುದು ಆ ನಾಲ್ಕೇ ಅಕ್ಷರ. ಹಾಗಾಗಿ ಅಕ್ಕ ಇವಳಿಗೆ ಇಟ್ಟ ಹೆಸರು 'ನಾಲ್ಕಕ್ಷರ ಕಲಿತವಳು'.

"ಅಕ್ಕ, ಒಳಗೆ ಬರ್ಲಾ?"

"ಬಾರೇ. ಬಾಗಿಲು ಮೆತ್ತಗೆ ಹಾಕು."

ಕೆಲಸ ಶುರುವಾಗುತ್ತದೆ. ಅಕ್ಕ ಬ್ಯಾಕ್ಟೀರಿಯಾ ತುಂಬಿದ ಒಂದು ಸೀಸೆಯಿಂದ ಹನಿ ತೆಗೆದು, ಮುಚ್ಚಳವಿರುವ ಅಂಗೈಯಗಲದ ಪ್ಲೇಟಿನ ಮೇಲೆ ಬಿಟ್ಟು ಗಾಜಿನ ಕಡ್ಡಿಯಿಂದ ಹರಡುತ್ತಾರೆ. ಗಾಜಿನ ಕಡ್ಡಿ ಸ್ಪಿರಿಟ್ಟಿಗೆ, ಅಲ್ಲಿಂದ ಉರಿಗೆ, ಅಲ್ಲಿಂದ ಪ್ಲೇಟಿಗೆ. ಪ್ಲೇಟಿನಲ್ಲಿರುವುದು ಗಟ್ಟಿಯಾದ ಸಾರಿನಂಥ ಅಗರ್, ಬ್ಯಾಕ್ಟೀರಿಯಾಗಳ ಊಟ ಮತ್ತು ಹಾಸಿಗೆ ಎರಡೂ ಅದೇ. ಹರಡಿದ ಪ್ಲೇಟು ಪೆಟ್ಟಿಗೆಯೊಳಗೆ ಹೋಗಿ ಕೆಲವು ಸೆಕೆಂಡು ಅತಿನೇರಳೆಯ ಏಟು ತಿಂದು ಬರುತ್ತದೆ. ಅಕ್ಕನ ತುಟಿ ಎಣಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ನಾನು ಕೆಮ್ಮಿದರೂ ಒಂದು ಕಣ್ಣು ನನ್ನ ಕಡೆ ತಿರುಗುತ್ತದೆ.

ಏಟು ತಿಂದ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿಡುವವಳು ಹುಡುಗಿ. ಅಕ್ಕ ಆ ಕಡೆ ನೋಡುವುದೇ ಇಲ್ಲ, ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ.

"ಪೇರಿಸೋ ಕೆಲಸದಿಂದ ನನ್ನನ್ನ ವಜಾ ಮಾಡಿದ್ದಾರೆ," ಅನ್ನುತ್ತಾರೆ.

"ನಾನಲ್ಲ, ಅಕ್ಕನೇ ರಾಜೀನಾಮೆ ಕೊಟ್ಟಿದ್ದು," ಅನ್ನುತ್ತಾಳೆ ಹುಡುಗಿ.

ಇಬ್ಬರೂ ನಗುತ್ತಾರೆ, ಆದರೆ ಪೂರ್ತಿ ನಗುವುದಿಲ್ಲ. ಮೇಜಿನ ಮೇಲೆ ಪ್ಲೇಟುಗಳ ಎರಡು ಗೋಪುರಗಳು ಏಳುತ್ತವೆ. ಒಂದರ ಮೇಲೆ ಹಳೆಯ ಕಪ್ಪು ಬಟ್ಟೆ ಬೀಳುತ್ತದೆ. ಇನ್ನೊಂದರ ಮೇಲೆ ಹೊಸ ಕಪ್ಪು ಬಟ್ಟೆ. ಇಡೀ ಕಥೆ ಈ ಎರಡು ಬಟ್ಟೆಗಳದ್ದೇ.

ಅಕ್ಕನ ಅಪ್ಪ ಛತ್ರಿ ರಿಪೇರಿ ಮಾಡುತ್ತಿದ್ದವರು. ರೈಲು ನಿಲ್ದಾಣದ ಎದುರಿನ ಮೆಟ್ಟಿಲ ಮೇಲೆ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. ಮುರಿದ ಕಡ್ಡಿಗೆ ಕಡ್ಡಿ, ಹರಿದ ಬಟ್ಟೆಗೆ ತೇಪೆ. ಅಮ್ಮ ಮನೆಯಲ್ಲಿ ಹೊಲಿಗೆ. ಬೀದಿಯ ಅರ್ಧ ಮಕ್ಕಳು ಶಾಲೆಗೆ ಹೋಗುತ್ತಿದ್ದದ್ದು ಅಮ್ಮ ಹೊಲಿದ ಬಟ್ಟೆ ತೊಟ್ಟೇ. "ನಮ್ಮನೇಲಿ ಹೊಸದು ಅಂತ ಏನೂ ಇರ್ಲಿಲ್ಲ. ಎಲ್ಲಾ ಸರಿ ಮಾಡಿದ್ದೇ," ಅನ್ನುತ್ತಾರೆ ಅಕ್ಕ. ಅಪ್ಪ ತೀರಿಕೊಂಡಾಗ ಪೆಟ್ಟಿಗೆಯಲ್ಲಿ ಉಳಿದದ್ದು ಯಾರೂ ವಾಪಸು ಕೇಳದ ಕೆಲವು ಛತ್ರಿಗಳು. ಅವುಗಳ ಬಟ್ಟೆ ಬಿಚ್ಚಿ ಅಮ್ಮ ಒಂದು ದೊಡ್ಡ ಕಪ್ಪು ಹೊದಿಕೆ ಹೊಲಿದಿಟ್ಟರು. ಮಗಳು ಪ್ರಯೋಗಾಲಯಕ್ಕೆ ಸೇರಿ, ಪ್ಲೇಟು ಮುಚ್ಚಲು ಕಪ್ಪು ಬಟ್ಟೆ ಬೇಕು ಅಂದಾಗ, ಇದನ್ನೇ ಕೊಟ್ಟು ಕಳಿಸಿದರು.

ಮುಚ್ಚುವುದು ಏಕೆಂದರೆ, ಬ್ಯಾಕ್ಟೀರಿಯಾಗಳ ಬಳಿ ರಿಪೇರಿಗೆ ಇನ್ನೊಂದು ಸುಲಭದ ದಾರಿಯೂ ಇದೆ. ಕತ್ತರಿಯೂ ಬೇಡ, ತೇಪೆಯೂ ಬೇಡ. ಅವುಗಳಲ್ಲಿರುವ ಒಂದು ಪ್ರೋಟೀನು ಮಾಮೂಲಿ ಬೆಳಕನ್ನು ಹಿಡಿದು, ಅದರ ಬಲದಿಂದಲೇ ಅಂಟಿಕೊಂಡ ಅಕ್ಷರಗಳನ್ನು ಬಿಡಿಸಿಬಿಡುತ್ತದೆ. ಬೆಳಕು ಸಿಕ್ಕರೆ ಸಾಕು, ಸಾಯಬೇಕಾದವು ಎದ್ದು ಕೂರುತ್ತವೆ. ಕತ್ತರಿಸಿ ತೇಪೆ ಹಾಕುವ ತಂಡದ ಬಗ್ಗೆ ತಿಳಿಯಬೇಕಾದರೆ ಈ ಸುಲಭದ ದಾರಿಯನ್ನು ಮುಚ್ಚಬೇಕು. ಹಳದಿ ಬಲ್ಬಿನಿಂದ ತೊಂದರೆಯಿಲ್ಲ, ಆ ಬೆಳಕು ಅವುಗಳ ಕೆಲಸಕ್ಕೆ ಬರುವುದಿಲ್ಲ. ತೊಂದರೆ ಸೂರ್ಯನದ್ದು. ಗವಾಕ್ಷಿ ಮುಚ್ಚೋಣವೆಂದರೆ ಉರಿ ಹಚ್ಚುವ ಕೋಣೆಗೆ ಗಾಳಿ ಇರಲೇಬೇಕು ಎಂದು ಕಟ್ಟಡದವರ ಕಟ್ಟಪ್ಪಣೆ. ಡಬ್ಬಿಯಲ್ಲಿ ಇಟ್ಟರೆ ಪ್ಲೇಟುಗಳು ಬೆವರಿ ಎಲ್ಲಾ ಕಲಸಿಹೋಗುತ್ತದೆ. ಹಾಗಾಗಿ ಬಟ್ಟೆ.

ಅಕ್ಕ ಈ ಕೋಣೆಗೆ ಬಂದದ್ದು ತಾತ್ಕಾಲಿಕ ಹುದ್ದೆಗೆ. ತಾತ್ಕಾಲಿಕ ಅನ್ನುವುದು ಕಾಲು ಶತಮಾನ ಎಳೆಯಿತು. ಯೋಜನೆ ಮುಗಿಯುವುದು, ಇನ್ನೊಂದು ಯೋಜನೆಗೆ ಇವರನ್ನು ಸೇರಿಸುವುದು. ನಡುವೆಯೇ ಡಾಕ್ಟರೇಟ್ ಆಯಿತು. ಎಷ್ಟೋ ಹುಡುಗ ಹುಡುಗಿಯರು ಇವರ ಕೈಯಲ್ಲಿ ಪ್ಲೇಟು ಹರಡುವುದನ್ನು ಕಲಿತು, ಪದವಿ ಪಡೆದು, ದೊಡ್ಡ ದೊಡ್ಡ ಕಡೆ ಹೋದರು. ಅವರ ಪ್ರಬಂಧಗಳಲ್ಲೆಲ್ಲ ಅಕ್ಕನ ಹೆಸರಿದೆ. ಎಲ್ಲಿ? ನಡುವೆ. "ಮದುವೆ ಮನೆ ಫೋಟೋದಲ್ಲಿ ಹಿಂದಿನ ಸಾಲಲ್ಲಿ ನಿಲ್ತಾರಲ್ಲ, ಹಾಗೆ. ಇದ್ದೀನಿ, ಆದ್ರೆ ಹುಡುಕ್ಬೇಕು," ಅನ್ನುತ್ತಾರೆ. ದೂರುವ ದನಿಯಲ್ಲ. ಕೇಳಿದ ನನಗೇ ಸಿಟ್ಟು ಬರುತ್ತದೆ.

ಹೆಸರು ಮೊದಲಿಗೆ ಬರುವ ಕಾಲವೂ ಬಂತು. ಕಂಪ್ಯೂಟರಿನ ಹುಡುಗಿ ಒಂದು ದಿನ ಒಂದು ಜೀನ್ ತೋರಿಸಿದಳು. ಏನು ಕೆಲಸ ಮಾಡುತ್ತದೆಂದು ಯಾರಿಗೂ ಗೊತ್ತಿಲ್ಲ. ಆದರೆ ಬಿಸಿಲಿಗೆ ಮೈಯೊಡ್ಡಿ ಬದುಕುವ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಅದು ರಿಪೇರಿ ತಂಡದ ಜೀನುಗಳ ಪಕ್ಕದಲ್ಲೇ ಕೂತಿದೆ. ಅಕ್ಕ ಪರೀಕ್ಷೆಗಿಳಿದರು. ರಿಪೇರಿ ತಂಡವನ್ನೇ ಕಿತ್ತುಹಾಕಿದ ಬ್ಯಾಕ್ಟೀರಿಯಾ ತೆಗೆದುಕೊಂಡರು, ಅತಿನೇರಳೆ ಸೋಕಿದರೆ ಸಾಕು ಸತ್ತುಬೀಳುವಂಥದ್ದು. ಅದರ ಒಂದು ಪಾಲಿಗೆ ಈ ಹೊಸ ಜೀನ್ ಸೇರಿಸಿದರು. ಹೊಸ ಜೀನ್ ಇಲ್ಲದ ಪ್ಲೇಟುಗಳಲ್ಲಿ ಬೆಳಗಾದರೆ ಬೆರಳೆಣಿಕೆಯ ಚುಕ್ಕೆಗಳು, ಬದುಕುಳಿದ ಒಂದೊಂದು ಬ್ಯಾಕ್ಟೀರಿಯಾಕ್ಕೆ ಒಂದೊಂದು ಚುಕ್ಕೆ. ಜೀನ್ ಇದ್ದವುಗಳಲ್ಲಿ ನೂರಾರು. ಒಂದು ಸಲವಲ್ಲ, ಪ್ರತಿ ಸಲವೂ.

ಆ ಜೀನಿಗೆ ಅಕ್ಕ 'ಕಿರಿಮಗಳು' ಅಂತ ಹೆಸರಿಟ್ಟರು. ವರ್ಷಗಟ್ಟಲೆ ಅದರ ಹಿಂದೆ ಬಿದ್ದರು. ಪ್ರಬಂಧ ಬರೆದರು, ದೂರದ ಹೆಸರಾಂತ ವಿಜ್ಞಾನ ಪತ್ರಿಕೆಯೊಂದು ಒಪ್ಪಿಕೊಂಡಿತು. ಮೊದಲ ಹೆಸರು ಅಕ್ಕನದು, ಎರಡನೆಯದು ಹುಡುಗಿಯದು. ನಿವೃತ್ತಿಗೆ ಕೆಲವೇ ವರ್ಷ ಉಳಿದಿರುವಾಗ ಬಂದ ಮೊದಲ 'ಮೊದಲ ಹೆಸರು'. ನಮ್ಮ ಸಂಪಾದಕರ ಕಿವಿಗೆ ಬಿದ್ದದ್ದು ಈ ಸುದ್ದಿಯೇ. "ಜೀನ್ ಕಂಡುಹಿಡಿದ ಅಕ್ಕ ಅಂತ ಒಂದು ಪುಟ ಮಾಡು," ಎಂದು ನನ್ನನ್ನು ಅಟ್ಟಿದರು.

ನಾನು ಬರುವಷ್ಟರಲ್ಲಿ ಅಕ್ಕ ಆ ಪ್ರಬಂಧವನ್ನು ತಾವೇ ತಡೆಹಿಡಿದಿದ್ದರು.

ನಡೆದದ್ದು ಇಷ್ಟು. ರಜೆಯ ದಿನವೊಂದು ಅಕ್ಕ ಆ ಕಪ್ಪು ಬಟ್ಟೆಯನ್ನು ಒಗೆಯಲು ಮನೆಗೆ ಒಯ್ದರು. ಒಗೆದು, ಹಿಂಡಿ, ಹಿತ್ತಲಿನ ಹಗ್ಗಕ್ಕೆ ಹಾಕಿದರು. ಸೂರ್ಯ ಬಟ್ಟೆಯ ಆ ಕಡೆ, ಬಿಳಿ ಗೋಡೆ ಈ ಕಡೆ. ಗೋಡೆಯ ಮೇಲೆ ಕಪ್ಪು ನೆರಳು ಬೀಳಬೇಕಿತ್ತು. ಬಿದ್ದದ್ದು ಬೂದಿ ಬಣ್ಣದ ನೆರಳು, ಅದರ ತುಂಬ ಬೆಳಕಿನ ಚುಕ್ಕೆಗಳು. ಅಮ್ಮ ಬಾಗಿಲಲ್ಲಿ ಕೂತು ಗುಂಡಿ ಹಚ್ಚುತ್ತಿದ್ದವರು ತಲೆ ಎತ್ತಿ, "ನಿಮ್ಮಪ್ಪನ ಬಟ್ಟೆ ಜರಡಿ ಆಗಿದೆ ಕಣೇ," ಅಂದರಂತೆ.

"ಅಮ್ಮ ಸುಮ್ನೆ ಅಂದಿದ್ದು. ನಾನು ಹಾಗೇ ನಿಂತ್ಬಿಟ್ಟೆ," ಎಂದು ಅಕ್ಕ ನೆನೆಯುತ್ತಾರೆ.

ಬಟ್ಟೆ ತೆಳುವಾಗಿದ್ದರೆ ಎಲ್ಲ ಪ್ಲೇಟಿಗೂ ಬೆಳಕು ಬೀಳಬೇಕಲ್ಲ, ಒಂದಕ್ಕೇ ಯಾಕೆ ಲಾಭವಾಯಿತು ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಅಕ್ಕ ಕಿವಿಯ ಮೇಲಿನ ಪೆನ್ನು ತೆಗೆದು ಮೇಜಿನ ಮೇಲಿಡುತ್ತಾರೆ.

"ಪೇರಿಸುವಾಗ ಕಿರಿಮಗಳು ಇರೋ ಪ್ಲೇಟುಗಳನ್ನ ನಾನು ಯಾವಾಗ್ಲೂ ಮೇಲೆ ಇಡ್ತಿದ್ದೆ. ಬೆಳಿಗ್ಗೆ ಬಂದ ತಕ್ಷಣ ಮೊದ್ಲು ಅವನ್ನೇ ನೋಡ್ಬೇಕು ಅನ್ನೋ ಆಸೆ. ಯಾರೂ ಹೇಳಿಕೊಟ್ಟಿದ್ದಲ್ಲ, ಕೈಗೆ ಹಾಗೇ ರೂಢಿ ಆಗಿಹೋಗಿತ್ತು. ಮೇಲಿದ್ದವು ಬೆಳಕು ಕುಡಿದ್ವು. ಕೆಳಗಿದ್ದವಕ್ಕೆ ಸಿಗ್ಲಿಲ್ಲ."

ಅಪ್ಪನ ಬಟ್ಟೆ ಅಂತ ಬದಲಿಸಲಿಲ್ಲ. ಮುದ್ದಿನ ಜೀನ್ ಅಂತ ಮೇಲಿಟ್ಟರು. ಎರಡೂ ಪ್ರೀತಿಯಿಂದಲೇ ಮಾಡಿದ ಕೆಲಸ, ಎರಡೂ ಸೇರಿ ಇವರ ಕಾಲಿಗೇ ತೊಡರಿದವು. ಇಷ್ಟು ವರ್ಷ ಕಂಡದ್ದು ಹೊಸ ಜೀನಿನ ಗುಣವೋ, ಬರೀ ಗವಾಕ್ಷಿಯ ಬೆಳಕೋ? ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಗೊತ್ತಾದ ಮರುದಿನವೇ ಪತ್ರಿಕೆಗೆ ಬರೆದರು: ಅಚ್ಚು ಹಾಕಬೇಡಿ, ಮತ್ತೆ ಪರೀಕ್ಷಿಸಿ ತಿಳಿಸುತ್ತೇನೆ. ಅವರು ಈ ತಿಂಗಳ ಕೊನೆಯವರೆಗೆ ಕಾಯುತ್ತೇವೆಂದರು.

ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ. ಅಕ್ಕನ ಹುದ್ದೆ ಖಾಯಂ ಆಗಲಿ ಎಂದು ಮೇಲಿನವರ ಬಳಿ ಓಡಾಡಿದವರೇ. ಈ ಪ್ರಬಂಧ ಅಚ್ಚಾದರೆ ಆ ಮಾತಿಗೊಂದು ಬಲ ಬರುತ್ತಿತ್ತು. ಹಾಗಾಗಿ ತಲೆಯ ಮೇಲೆ ಕೈಹೊತ್ತು ಕೂತರು. "ಮೇಡಂ, ಯಾರು ಬಂದು ನಿಮ್ಮ ಬಟ್ಟೆ ಹಿಡಿದು ನೋಡ್ತಾರೆ?" ಎಂದು ಕೇಳಿದರಂತೆ.

"ಏನಂದ್ರಿ?"

"ನಾನು ನೋಡಿದ್ದೀನಲ್ಲ ಸಾರ್, ಅಂದೆ."

ಹುಡುಗಿ ಎರಡು ದಿನ ಅತ್ತಳಂತೆ. ಅವಳೇ ಹೇಳಿಕೊಳ್ಳುತ್ತಾಳೆ, ಮುಚ್ಚುಮರೆಯಿಲ್ಲದೆ. "ನನಗೆ ಅಕ್ಕನ ಮೇಲೆ ಸಿಟ್ಟೇ ಬಂದಿತ್ತು. ಆಮೇಲೆ ಕೂತು ಕಂಪ್ಯೂಟರಿನಲ್ಲಿ ಮತ್ತೆ ನೋಡಿದೆ. ಕಂಪ್ಯೂಟರ್ ಏನೂ ಸುಳ್ಳು ಹೇಳಿರ್ಲಿಲ್ಲ ಸಾರ್. ಈ ಜೀನು ರಿಪೇರಿಯವರ ನೆರೆಮನೆಯಲ್ಲಿದೆ ಅಂತಷ್ಟೇ ಹೇಳಿತ್ತು. ನೆಂಟರು ಅಂತ ತಿಳ್ಕೊಂಡಿದ್ದು ನಾವು. ಪಕ್ಕದ ಮನೆಯವರೆಲ್ಲ ನೆಂಟರಾಗಿಬಿಡ್ತಾರಾ?"

ಇನ್ನು ಬೇಕಾದದ್ದು ನಿಜವಾದ ಕತ್ತಲು. ಅಂಗಡಿಯಲ್ಲಿ ಸಿಗುವ ಕಪ್ಪು ಬಟ್ಟೆಗಳನ್ನೆಲ್ಲ ಅಕ್ಕ ಬಿಸಿಲಿಗೆ ಹಿಡಿದು ನೋಡಿದರು. ಅಂಗಡಿಯವನು ಬೇಸತ್ತು, "ಕೊಡೆ ಹೊಲಿಸ್ತೀರಾ, ಪರದೆ ಹೊಲಿಸ್ತೀರಾ, ಅದು ಹೇಳಿ," ಅಂದನಂತೆ. ಕೊನೆಗೆ ಅಮ್ಮ, "ತಾ ಇಲ್ಲಿ, ನಾನು ಹೊಲಿತೀನಿ" ಅಂದರು.

ಅಮ್ಮನನ್ನು ನೋಡಲು ನಾನು ಮನೆಗೂ ಹೋಗುತ್ತೇನೆ. ಎಂಬತ್ತರ ಹತ್ತಿರದ ಜೀವ, ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನು. ಅದರ ಚಕ್ರಕ್ಕೆ ಹಗ್ಗ ಕಟ್ಟಿದೆ. ನಾನು ನೋಡುವುದನ್ನು ನೋಡಿ, "ಬೆಲ್ಟು ಅವಳ ಆಫೀಸಿಗೆ ಹೋಗಿದೆ. ಸರ್ಕಾರದ ಕೆಲಸ ನಿಲ್ಲಬಾರದಲ್ಲ," ಅನ್ನುತ್ತಾರೆ.

ಮೂರು ಪದರದ ಬಟ್ಟೆ. ಹೊರಗೊಂದು, ಒಳಗೊಂದು, ನಡುವೆ ದಪ್ಪನೆಯ ಕೋಟಿನ ಬಟ್ಟೆ. ಹೊಲಿಗೆಯ ತೂತಿನಿಂದಲೂ ಬೆಳಕು ನುಸುಳುತ್ತದೆಂದು ಪ್ರತಿ ಹೊಲಿಗೆಯ ಮೇಲೂ ಒಂದು ಪಟ್ಟಿ. ಸರಿಯಾಯಿತೋ ಇಲ್ಲವೋ ನೋಡಲು ಅಮ್ಮ ಕಂಡುಕೊಂಡ ವಿಧಾನ ಸರಳ: ನಡುಮಧ್ಯಾಹ್ನ ಹೊರಗಿನ ಮೆಟ್ಟಿಲ ಮೇಲೆ ಕೂತು ಬಟ್ಟೆಯನ್ನು ತಲೆಯಿಂದ ಕಾಲಿನವರೆಗೆ ಹೊದ್ದುಕೊಳ್ಳುವುದು. ಮೊದಲ ದಿನ ಎದುರುಮನೆಯಾಕೆ ಕಪ್ಪು ಗಂಟೊಂದು ಮೆಟ್ಟಿಲ ಮೇಲೆ ಕೂತಿರುವುದನ್ನು ಕಂಡು ಓಡಿಬಂದು, "ಅಯ್ಯೋ, ಏನಾಯ್ತಮ್ಮಾ?" ಎಂದು ಕೂಗಿದರು. ಒಳಗಿನಿಂದ ದನಿ ಬಂತು: "ಏನೂ ಆಗಿಲ್ಲ, ಸುಮ್ನಿರಿ. ಬೆಳಕು ಹುಡುಕ್ತಾ ಇದ್ದೀನಿ."

ಚುಕ್ಕೆ ಬೆಳಕು ಕಂಡರೆ ಒಳಗಿನಿಂದಲೇ ಅಲ್ಲಿಗೆ ಸೀಮೆಸುಣ್ಣದ ಗುರುತು. ಎದ್ದು ಬಂದು ಮತ್ತೆ ಹೊಲಿಗೆ. ಹೀಗೆ ವಾರಗಳು ಹೋದವು.

"ಒಂದಿನ ಅವಳನ್ನ ಕೂರಿಸ್ಕೊಂಡು ಕೇಳ್ದೆ," ಎಂದು ಅಮ್ಮ ಕನ್ನಡಕ ಒರೆಸುತ್ತ ಹೇಳುತ್ತಾರೆ. "ನೋಡೇ, ನಾನು ಇದನ್ನ ಚೆನ್ನಾಗಿ ಹೊಲಿದ್ರೆ ನಿನ್ನ ಹುಳ ಎಲ್ಲಾ ಸತ್ತುಹೋಗುತ್ತಾ ಅಂತ. ಸಾಯಬಹುದಮ್ಮ ಅಂದ್ಲು. ಸತ್ರೆ ನಿನ್ನ ಹೆಸರು ಬರೋದೂ ಹೋಗುತ್ತಾ ಅಂದೆ. ಹೋಗುತ್ತಮ್ಮ ಅಂದ್ಲು. ಮತ್ತೆ ಹೇಗೆ ಹೊಲೀಲಿ ಹೇಳು ಅಂದೆ."

"ಏನಂದರು?"

"ಚೆನ್ನಾಗೇ ಹೊಲಿ ಅಂದ್ಲು." ಅಮ್ಮ ಕನ್ನಡಕ ಹಾಕಿಕೊಳ್ಳುತ್ತಾರೆ. "ಅವರಪ್ಪಂದೇ ಬುದ್ಧಿ. ಅವರೂ ಹಾಗೇ. ಕೈಯಿಂದ ದುಡ್ಡು ಹೋದ್ರೂ ಸರಿ, ಛತ್ರಿ ಸೋರಬಾರದು."

ಮತ್ತೆ ಕೋಣೆಗೆ ಬರೋಣ. ಗವಾಕ್ಷಿಯಲ್ಲಿ ಬೆಳಕು ಹಳದಿಯಾಗಿ, ಆಮೇಲೆ ಬಿಳಿಯಾಗಿ ಏರುತ್ತದೆ. ಒಂದು ಬಿಸಿಲ ಪಟ್ಟೆ ಗೋಡೆಯಿಂದಿಳಿದು ಮೇಜಿನ ಮೇಲೆ ಹರಿದು ಎರಡೂ ಗೋಪುರಗಳ ತಲೆಯ ಮೇಲೆ ಕೂರುತ್ತದೆ. ಹಿಂದೆಲ್ಲ ಹೀಗೇ ಕೂರುತ್ತಿತ್ತು, ಯಾರೂ ಗಮನಿಸಿರಲಿಲ್ಲ. ಎರಡೂ ಗೋಪುರಗಳಲ್ಲಿ ಜೀನ್ ಇರುವ ಪ್ಲೇಟುಗಳೂ ಇವೆ, ಇಲ್ಲದವೂ ಇವೆ. ಆದರೆ ಈ ಸಲ ಹುಡುಗಿ ಜೀನ್ ಇಲ್ಲದವುಗಳನ್ನೇ ಮೇಲಿಟ್ಟಿದ್ದಾಳೆ. ಹೊಸ ಬಟ್ಟೆಯಡಿ ಜೀನ್ ಇರುವ ಪ್ಲೇಟುಗಳಲ್ಲಿ ಮಾತ್ರ ಚುಕ್ಕೆಗಳೆದ್ದರೆ ಕಿರಿಮಗಳು ನಿಜ. ಹಳೆ ಬಟ್ಟೆಯಡಿ ಜೀನ್ ಇಲ್ಲದವುಗಳೇ ಎದ್ದು ಕೂತರೆ, ಹೊಸದರಡಿ ಎಲ್ಲ ಖಾಲಿಯಾದರೆ, ಎಲ್ಲ ಬರೀ ಬೆಳಕಿನಾಟ. ಇದಕ್ಕಿಂತ ಸ್ಪಷ್ಟವಾಗಿ ನನಗೆ ಈ ಜನ್ಮದಲ್ಲಿ ಯಾವ ಪ್ರಯೋಗವೂ ಅರ್ಥವಾಗಿಲ್ಲ.

ಕೊನೆಯ ಪ್ಲೇಟಿಗೂ ಏಟು ಬಿದ್ದು, ಏಟು ತಿಂದವು ರಿಪೇರಿ ಮಾಡಿಕೊಳ್ಳಲೆಂದು ಮೇಜಿನ ಮೇಲೆ ಬಿಡುವ ಹೊತ್ತು ಮುಗಿದು, ಗೋಪುರಗಳು ಬಟ್ಟೆಸಮೇತ, ಬ್ಯಾಕ್ಟೀರಿಯಾ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯನ್ನು ಸೇರುತ್ತವೆ. ಅದರ ಕಬ್ಬಿಣದ ಬಾಗಿಲು ಮುಚ್ಚಿ ಅಕ್ಕ ಅದರ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಲ್ಲುತ್ತಾರೆ.

"ನಿಮಗೆ ಏನಾಗ್ಲಿ ಅನ್ಸುತ್ತೆ?" ನಾನು ಕೇಳುತ್ತೇನೆ. ಕೇಳಬಾರದಿತ್ತೇನೋ.

"ಬದುಕ್ಲಿ ಅನ್ಸುತ್ತೆ. ಸುಳ್ಳು ಯಾಕೆ ಹೇಳ್ಲಿ? ರಾತ್ರಿ ಮಲಗಿದ್ರೂ ಅದೇ. ಅದಕ್ಕೇ ಅಲ್ವಾ, ಪೇರಿಸೋಕೆ ನನ್ನ ಕೈ ಬೇಡ ಅಂದಿದ್ದು."

ಮರುದಿನ ಬೆಳಿಗ್ಗೆ ನಾನು ಕರೆಯದೇ ಬಂದು ಮೊಬೈಲನ್ನು ನಾನೇ ಡಬ್ಬಿಗೆ ಹಾಕುತ್ತೇನೆ. "ಇವತ್ತು ಬೇಕಾಗಿಲ್ಲ, ಇವತ್ತು ಬೆಳಕು ಬಿದ್ರೂ ಏನಾಗಲ್ಲ," ಅನ್ನುತ್ತಾಳೆ ಹುಡುಗಿ. ಹಾಗಿದ್ದರೂ ತೆಗೆಯಲು ಮನಸ್ಸಾಗುವುದಿಲ್ಲ. ಮುಖ್ಯಸ್ಥರೂ ಬಂದಿದ್ದಾರೆ, ಇಷ್ಟು ಬೇಗ ಅವರನ್ನು ಈ ಕಟ್ಟಡ ನೋಡಿದ್ದು ಇದೇ ಮೊದಲಂತೆ. ಅವರ ಕೈಯಲ್ಲಿ ಫ್ಲಾಸ್ಕಿನ ಚಹಾ.

ಅಕ್ಕ ಮೊದಲು ಹಳೆಯ ಬಟ್ಟೆ ಎತ್ತುತ್ತಾರೆ. ಮೇಲಿನ ಪ್ಲೇಟನ್ನು ಬೆಳಕಿಗೆ ಹಿಡಿಯುತ್ತಾರೆ. ಅಗರಿನ ಮೇಲೆ ಗಸಗಸೆ ಚೆಲ್ಲಿದಂತೆ ಚುಕ್ಕೆಗಳು. ನೂರಾರು. ಜೀನ್ ಇಲ್ಲದ, ಸತ್ತೇ ಹೋಗಬೇಕಿದ್ದ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿ ಕೂತಿವೆ. ಗೋಪುರದ ಬುಡದ ಪ್ಲೇಟುಗಳಲ್ಲಿ, ಕಿರಿಮಗಳು ಇದ್ದಲ್ಲಿ, ಅಲ್ಲೊಂದು ಇಲ್ಲೊಂದು.

ಹುಡುಗಿ ಎಣಿಕೆ ಬರೆದುಕೊಳ್ಳುತ್ತಾಳೆ.

ಹೊಸ ಬಟ್ಟೆಯಡಿಯ ಪ್ಲೇಟುಗಳನ್ನು ಅಕ್ಕ ಒಂದೊಂದಾಗಿ ತೆಗೆಯುತ್ತಾರೆ. ಮೊದಲನೆಯದು ಖಾಲಿ. ಎರಡನೆಯದರಲ್ಲಿ ಒಂದು ಚುಕ್ಕೆ. ಖಾಲಿ. ಖಾಲಿ. ಜೀನ್ ಇರುವವು, ಇಲ್ಲದವು, ಯಾವುದಕ್ಕೂ ಭೇದವಿಲ್ಲ. ಅವಸರ ಮಾಡದೆ, ಒಂದನ್ನೂ ಬಿಡದೆ, ಬುಡದವರೆಗೂ ನೋಡುತ್ತಾರೆ. ಹುಡುಗಿಯ ಕಣ್ಣಲ್ಲಿ ನೀರು. ಮುಖ್ಯಸ್ಥರು ಚಹಾ ಬಗ್ಗಿಸಿ ಅಕ್ಕನ ಮುಂದಿಟ್ಟು, ಲೋಟವನ್ನು ಇನ್ನೊಂದಿಷ್ಟು ಹತ್ತಿರ ಸರಿಸುತ್ತಾರೆ.

"ಇನ್ನೆರಡು ಸಲ ಮಾಡ್ತೀನಿ ಸಾರ್, ನಿಯಮಕ್ಕೆ," ಅನ್ನುತ್ತಾರೆ ಅಕ್ಕ. "ಆದ್ರೆ ಇದೇ. ಪತ್ರಿಕೆಯವರಿಗೆ ಬರೆದುಬಿಡ್ತೀನಿ."

"ಬರೀರಿ ಮೇಡಂ," ಅನ್ನುತ್ತಾರೆ ಮುಖ್ಯಸ್ಥರು. ಸ್ವಲ್ಪ ತಡೆದು, "ಬಟ್ಟೆ ವಿಷಯಾನೂ ಬರೀರಿ. ನಮ್ಮ ಥರ ಬಟ್ಟೆ ಇಟ್ಕೊಂಡವರು ಇನ್ನೂ ಯಾರಿದ್ದಾರೋ."

ಬೇಜಾರಾಯಿತಾ ಎಂದು ಕೇಳುವುದು ನನ್ನ ಕಸುಬು. ಕೇಳುತ್ತೇನೆ.

"ಇಲ್ಲ ಅಂದ್ರೆ ನಂಬ್ತೀರಾ?" ಚುಕ್ಕೆ ತುಂಬಿದ ಪ್ಲೇಟನ್ನು ಅವರು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಇಷ್ಟು ವರ್ಷ ಮೋಸ ಮಾಡಿದ ಪ್ಲೇಟನ್ನು ನೋಡುವ ನೋಟವಲ್ಲ ಅದು. "ಆದ್ರೆ ಇವುಗಳದ್ದೇನು ತಪ್ಪು ಹೇಳಿ? ಬೆಳಕು ಕೊಟ್ರು, ರಿಪೇರಿ ಮಾಡ್ಕೊಂಡ್ವು. ತಮ್ಮ ಕೆಲಸ ಸರಿಯಾಗೇ ಮಾಡಿವೆ. ಬೆಳಕು ಕೊಟ್ಟಿದ್ದು ನಾನು."

ಹೊರಗೆ ಬೆಂಚಿನ ಮೇಲೆ ಡಬ್ಬಿ ಗುಂಯ್‌ಗುಡುತ್ತದೆ. ನನ್ನದಲ್ಲ, ಅಕ್ಕನ ಮೊಬೈಲು. ಅಮ್ಮ. ಕೈಯಲ್ಲಿ ಪ್ಲೇಟಿರುವುದರಿಂದ ಹುಡುಗಿ ಅದನ್ನು ಅಕ್ಕನ ಕಿವಿಯ ಬಳಿ ಹಿಡಿಯುತ್ತಾಳೆ. ಅಮ್ಮನ ದನಿ ನಮಗೆಲ್ಲ ಕೇಳುವಷ್ಟು ಗಟ್ಟಿ.

"ಸೋರ್ತೇನೇ?"

"ಇಲ್ಲಮ್ಮ. ಸೂಜಿಮೊನೆಯಷ್ಟೂ ಸೋರಿಲ್ಲ."

ಹುಡುಗಿ ಮೊಬೈಲು ಹಿಡಿದ ಕೈ ಬದಲಿಸುತ್ತಾಳೆ.

"ಹಾಗಾದ್ರೆ ಹೋಯ್ತಾ?"

"ಹೋಯ್ತಮ್ಮ."

"ಸರಿ. ಮನೆಗೆ ಬಾ. ಊಟ ಮಾಡಿ ಮಲಗು. ಬರ್ತಾ ಆ ಹಳೇ ಬಟ್ಟೆ ತಗೊಂಡು ಬಾ, ಅಲ್ಲಿ ಬಿಡ್ಬೇಡ."

ಅಕ್ಕ ಪ್ಲೇಟು ಕೆಳಗಿಡುತ್ತಾರೆ. ಅಪ್ಪನ ಛತ್ರಿಗಳ ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕುತ್ತಾರೆ. ಹೊಸದನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಆಡಿಸುತ್ತಾರೆ. ಪಟ್ಟಿಯ ಮೇಲೆ ಪಟ್ಟಿ, ಹೊಲಿಗೆಯ ಮೇಲೆ ಹೊಲಿಗೆ. ಒಂದು ಮೂಲೆಯಲ್ಲಿ ಇನ್ನೂ ಅಳಿಸದ ಸೀಮೆಸುಣ್ಣದ ಗುರುತು.

ನಮ್ಮ ಸಂಪಾದಕರಿಗೆ ಏನು ಹೇಳಲಿ ಎಂದು ನಾನು ತೊದಲುತ್ತೇನೆ. ಕಂಡುಹಿಡಿದದ್ದೇನು ಅಂತ ಕೇಳಿದರೆ?

"ನನ್ನ ಹೆಸರೇನೂ ಹಾಕೋದು ಬೇಡ," ಅನ್ನುತ್ತಾರೆ ರಿಪೇರಿ ಅಕ್ಕ. "ಬಟ್ಟೆ ಹೊಲಿದಿದ್ದು ನಮ್ಮಮ್ಮ ಅಂತ ಬರೀರಿ. ಒಂದು ಚೂರೂ ಬೆಳಕು ಸೋರಿಲ್ಲ ಅಂತ ಬರೀರಿ. ಅವರಿಗೆ ಓದಿ ಹೇಳ್ತೀನಿ."